ಹೊಟ್ಟೆಯ ಶಸ್ತ್ರಚಿಕಿತ್ಸೆಯಾದ ಮೇಲೆ ತೂಕ ಇಳಿಯದೆ ನಿಂತರೆ

(ನಮ್ಮ ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಈ ಸಂಜೆ ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ ನಾವು ಮೊದಲು ಹಿಂಜರಿದೆವು. ನಾವು ವೈದ್ಯರಲ್ಲ. ಎಸ್‌.ಎಸ್‌.ಎಲ್‌.ಸಿ. ತನಕ ಓದಿ, ಹಿಟ್ಟಿನ ಮಿಲ್ಲೊಂದರ ಕಚೇರಿಯಲ್ಲಿ ಲೆಕ್ಕ ಬರೆದು ಹೊಟ್ಟೆ ಹೊರೆಯುವವರು. ವಾರಕ್ಕೆರಡು ಸಂಜೆ ಇಲ್ಲಿಗೆ ಬಂದು ಪತ್ರಿಕೆಗಳನ್ನು ಜೋಡಿಸಿಡುವವರು. ಆದರೆ ಈಚೆಗೆ ಇದೇ ಮೇಜಿನ ಬಳಿ ಮೂರು ಮಂದಿ, ಬೇರೆ ಬೇರೆ ದಿನ, ನಮ್ಮನ್ನು ಪಕ್ಕಕ್ಕೆ ಕರೆದು ಒಂದೇ ಪ್ರಶ್ನೆ ಕೇಳಿದರು: “ತೂಕ ಇಳಿಸುವ ಆಪರೇಶನ್ ಆಗಿ ತಿಂಗಳಾಗುತ್ತ ಬಂತು, ತೂಕ ನಿಂತುಬಿಟ್ಟಿದೆ, ಏನು ಮಾಡುವುದು?” ಕೇಳಿದವರ ಮುಖದಲ್ಲಿ ಕಳ್ಳತನ ಮಾಡಿ ಸಿಕ್ಕಿಬಿದ್ದವರ ನಾಚಿಕೆಯಿತ್ತು. ಆ ನಾಚಿಕೆಯನ್ನು ನಾವು ಮನೆಯಲ್ಲಿ ಕಂಡವರು. ಅದಕ್ಕೆ ನಾವೇ ಕಾರಣರಾದವರು. ಆದ್ದರಿಂದ ಮಾತನಾಡಲು ಒಪ್ಪಿದೆವು.

ಶಸ್ತ್ರಚಿಕಿತ್ಸೆಯಾದದ್ದು ನಮ್ಮ ಅಕ್ಕನಿಗೆ. ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇವೆ. “ನನ್ನ ತೂಕ ಬೇಕಾದರೆ ಹೇಳಿಕೋ ತಮ್ಮಾ, ವಯಸ್ಸು ಮಾತ್ರ ಹೇಳಬೇಡ” ಎಂದಿದ್ದಾರೆ. ಆ ಷರತ್ತನ್ನು ಪಾಲಿಸುತ್ತೇವೆ.

ಈ ಚಿಕಿತ್ಸೆಯ ಪರಿಚಯವಿಲ್ಲದವರಿಗಾಗಿ ಎರಡು ಮಾತು. ಇದು ಕೊಬ್ಬನ್ನು ಕೊಯ್ದು ತೆಗೆಯುವ ಕೆಲಸವಲ್ಲ. ಬಹಳ ಜನ ಹಾಗೆ ತಿಳಿದಿದ್ದಾರೆ, ನಾವೂ ತಿಳಿದಿದ್ದೆವು. ಜಠರವನ್ನು ಚಿಕ್ಕದು ಮಾಡುವುದೇ ಇದರ ಮೂಲ. 1954ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಕ್ರೆಮೆನ್ ಮತ್ತು ಲಿನ್ನರ್ ಎಂಬ ವೈದ್ಯರು ಕರುಳಿನ ದಾರಿಯನ್ನು ಮೊಟಕು ಮಾಡುವ ವಿಧಾನವನ್ನು ಪ್ರಕಟಿಸಿದರು. 1966ರಲ್ಲಿ ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ನರು ಜಠರಕ್ಕೇ ಅಡ್ಡದಾರಿ ಮಾಡುವ ಬೈಪಾಸ್ ವಿಧಾನವನ್ನು ಆರಂಭಿಸಿದರು. ಈಗ ಹೆಚ್ಚಾಗಿ ನಡೆಯುವುದು ಸ್ಲೀವ್ ಎಂಬುದು: ಹೊಟ್ಟೆಯ ಮೇಲೆ ನಾಲ್ಕೈದು ಸಣ್ಣ ರಂಧ್ರ ಮಾಡಿ, ಕ್ಯಾಮೆರಾ ಇಳಿಸಿ ನೋಡುತ್ತ, ಜಠರದ ಮುಕ್ಕಾಲು ಪಾಲಿಗೂ ಮಿಕ್ಕಿದಷ್ಟನ್ನು ತೆಗೆದು, ಉಳಿದದ್ದನ್ನು ಬಾಳೆಹಣ್ಣಿನಂಥ ಕೊಳವೆಯಾಗಿ ಹೊಲಿಯುತ್ತಾರೆ. ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ರಸವು ಹೆಚ್ಚಾಗಿ ತಯಾರಾಗುವುದು ತೆಗೆದುಹಾಕುವ ಆ ಭಾಗದಲ್ಲಿ. ಹಾಗಾಗಿ ಮೊದಲ ತಿಂಗಳುಗಳಲ್ಲಿ ಹಸಿವೂ ಅಡಗುತ್ತದೆ. ಅಕ್ಕನಿಗೆ ಮಾಡಿದ್ದು ಇದನ್ನೇ.

ಅಕ್ಕನ ಎತ್ತರ 5 ಅಡಿ 2 ಅಂಗುಲ, ತೂಕ 112 ಕಿಲೋ. ಎಂಟು ವರುಷದ ಸಕ್ಕರೆ ಕಾಯಿಲೆ, ರಾತ್ರಿ ಇನ್ಸುಲಿನ್, ರಕ್ತದ ಒತ್ತಡ, ಮೊಣಕಾಲು ನೋವು. ಮನೆಯಿಂದ ಬಸ್ ನಿಲ್ದಾಣಕ್ಕೆ ಹೋಗುವಷ್ಟರಲ್ಲಿ ಎರಡು ಕಡೆ ನಿಲ್ಲುತ್ತಿದ್ದರು. ಪಥ್ಯ, ನಡಿಗೆ, ಮಾತ್ರೆ, ಜಾಹೀರಾತಿನ ಪುಡಿ ಎಲ್ಲವೂ ಆಗಿತ್ತು. ವಿಮೆಯ ವಿಚಾರವನ್ನೂ ಹೇಳಿಬಿಡುತ್ತೇವೆ, ಬಹಳ ಮಂದಿಗೆ ಗೊತ್ತಿಲ್ಲ. ಎತ್ತರಕ್ಕೆ ತೂಕವನ್ನು ಹೋಲಿಸಿ ತೆಗೆಯುವ ಬಾಡಿ ಮಾಸ್ ಇಂಡೆಕ್ಸ್ ಎಂಬ ಅಂಕಿ 40ಕ್ಕೆ ಕಡಿಮೆಯಿಲ್ಲದಿದ್ದರೆ, ಅಥವಾ 35ಕ್ಕೆ ಕಡಿಮೆಯಿಲ್ಲದೆ ಹತೋಟಿಗೆ ಬಾರದ ಸಕ್ಕರೆ, ಹೃದಯದ ಕಾಯಿಲೆ ಮುಂತಾದುವು ಜೊತೆಗಿದ್ದರೆ, ವೈದ್ಯರ ಸಲಹೆಯ ಮೇಲೆ ಮಾಡಿಸಿಕೊಂಡ ಈ ಚಿಕಿತ್ಸೆಯನ್ನು “ತೂಕ ಇಳಿಸುವ ಚಿಕಿತ್ಸೆ” ಎಂಬ ಒಂದೇ ನೆಪದಿಂದ ಹೊರಗಿಡಬಾರದೆಂದು ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ನಿಯಮ ಮಾಡಿದೆ. ಅಕ್ಕನ ಅಂಕಿ 45 ಇತ್ತು. ಸ್ವಲ್ಪ ಹಣ ವಿಮೆಯಿಂದ ಬಂತು, ಮಿಕ್ಕದ್ದಕ್ಕೆ ಭಾವನವರು ಸಾಲ ಮಾಡಿದರು. ಸಾಲ ಎಂದ ಮೇಲೆ ಮನೆಯಲ್ಲಿ ಎಲ್ಲರ ಕಣ್ಣೂ ತೂಕದ ಯಂತ್ರದ ಮೇಲೇ ಇತ್ತು.

ಇಲ್ಲಿಂದ ನಮ್ಮ ತಪ್ಪು ಆರಂಭವಾಗುತ್ತದೆ. ಲೆಕ್ಕ ಬರೆಯುವವನಿಗೆ ಎಲ್ಲವನ್ನೂ ಬರೆದಿಡುವ ಚಟ. ಹೊಸದೊಂದು ಉದ್ದ ಪುಸ್ತಕ ತಂದು, ತಾರೀಖು ಒಂದು ಕಾಲಮ್ಮು, ತೂಕ ಒಂದು ಕಾಲಮ್ಮು, ಇಳಿದದ್ದು ಎಷ್ಟು ಎಂಬುದು ಇನ್ನೊಂದು ಕಾಲಮ್ಮು ಎಂದು ಗೆರೆ ಎಳೆದೆವು. ಬೆಳಿಗ್ಗೆ ಅಕ್ಕ ಯಂತ್ರದ ಮೇಲೆ ನಿಲ್ಲುವುದು, ನಾವು ಬಗ್ಗಿ ಅಂಕಿ ನೋಡಿ ಗಟ್ಟಿಯಾಗಿ ಓದುವುದು, ಅಮ್ಮ ಅಡಿಗೆಮನೆಯಿಂದ “ಎಷ್ಟೋ?” ಎಂದು ಕೇಳುವುದು. ಸಹಾಯ ಮಾಡುತ್ತಿದ್ದೇವೆಂದೇ ನಾವು ನಂಬಿದ್ದೆವು.

ಪುಸ್ತಕದಲ್ಲಿ ಬರೆದದ್ದು ಹೀಗಿದೆ. ಶಸ್ತ್ರಚಿಕಿತ್ಸೆಗೆ ಮುಂಚಿನ ಎರಡು ವಾರದ ಕಟ್ಟುಪಥ್ಯದಿಂದ 112 ಇದ್ದದ್ದು 108ಕ್ಕೆ ಬಂದಿತ್ತು. ನಾಲ್ಕನೆಯ ದಿನ ಮನೆಗೆ ಬಂದಾಗ 109ವರೆ! ಹೊಟ್ಟೆ ಕೊಯ್ಸಿಕೊಂಡು ಮೂರು ದಿನ ನೀರನ್ನು ಗುಟುಕು ಗುಟುಕಾಗಿ ಕುಡಿದವರು ಒಂದೂವರೆ ಕಿಲೋ ಏರಿದ್ದರು. ಅಮ್ಮನಿಗೆ ಎದೆ ಹಾರಿತು. ಎರಡನೆಯ ವಾರದ ಕೊನೆಗೆ 104. ಮನೆಯಲ್ಲಿ ಹಬ್ಬ. ಹದಿನಾರನೆಯ ದಿನದಿಂದ ಇಪ್ಪತ್ತೆಂಟನೆಯ ದಿನದವರೆಗೆ 104, 103.6, 104.2, 104, 103.8, ಮತ್ತೆ 104. ಹನ್ನೆರಡು ದಿನ ಒಂದೇ ಅಂಕಿ. ನಾವು ದಿನವೂ ಓದಿದೆವು.

ಅದೇ ದಿನ ಅದೇ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಗೃಹಸ್ಥರೊಬ್ಬರಿದ್ದರು, 150 ಕಿಲೋ ಇದ್ದವರು. ಅವರ ಮನೆಯವರು ಫೋನಿನಲ್ಲಿ “ನಮ್ಮವರಿಗೆ 14 ಕಿಲೋ ಇಳಿಯಿತು, ನಿಮ್ಮವರಿಗೆ?” ಎಂದು ಕೇಳಿದರು. ಆ ರಾತ್ರಿ ಅಕ್ಕ ಊಟಕ್ಕೆ ಏಳಲಿಲ್ಲ. ನೆಂಟರೊಬ್ಬರು ಬಂದು ಕಾಫಿ ಕುಡಿಯುತ್ತ “ಇಷ್ಟು ದುಡ್ಡು ಸುರಿದು ಇಷ್ಟೇನಾ? ಕದ್ದುಮುಚ್ಚಿ ಏನಾದರೂ ತಿನ್ನುತ್ತಿದ್ದಾಳೋ ಏನೋ” ಎಂದರು. ಎದುರಿಗೆ ಕೂತಿದ್ದ ನಾವು ಆಗ ಏನೂ ಹೇಳಲಿಲ್ಲ.

ಅಂದಿನಿಂದ ಅಕ್ಕ ತಾವೇ ಒಂದು ನ್ಯಾಯತೀರ್ಮಾನ ಮಾಡಿಕೊಂಡರು. ಪ್ರೋಟೀನ್ ಪುಡಿ ಬಿಟ್ಟರು, ಬೇಳೆಯ ಕಟ್ಟು ಬಿಟ್ಟರು. ನೀರು ಕುಡಿದರೂ ಯಂತ್ರದಲ್ಲಿ ತೂಕ ಕಾಣುತ್ತದೆಂದು ಬೆಳಿಗ್ಗೆ ತೂಗುವವರೆಗೆ ನೀರನ್ನೂ ಬಿಟ್ಟರು. ಕುಡಿದ ಒಂದಿಷ್ಟು ಗಂಜಿಯೂ ಎರಡು ದಿನ ವಾಂತಿಯಾಯಿತು, ನಮಗೆ ಹೇಳಲಿಲ್ಲ. ಮೇ ತಿಂಗಳು, ಈ ಊರಿನ ಅಗ್ನಿನಕ್ಷತ್ರದ ಬಿಸಿಲು. ಇಪ್ಪತ್ತೆಂಟನೆಯ ದಿನ, ಭಾನುವಾರ, ಒಲೆಯ ಮುಂದೆ ನಿಂತವರು ಹಾಗೇ ಕುಸಿದರು. ಉರಿಯುತ್ತಿದ್ದ ಒಲೆಗೂ ಅವರ ಸೀರೆಯ ಸೆರಗಿಗೂ ಒಂದು ಗೇಣು ಅಂತರವಿತ್ತು. ಅದನ್ನು ನೆನೆದರೆ ಈಗಲೂ ನಮಗೆ ಕೈ ನಡುಗುತ್ತದೆ.

ಆಸ್ಪತ್ರೆಯಲ್ಲಿ ಹೇಳಿದ್ದು: ಮೈಯಲ್ಲಿ ನೀರಿಲ್ಲ, ಅದರ ಮೇಲೆ ರಕ್ತದ ಒತ್ತಡದ ಹಳೆಯ ಮಾತ್ರೆ ಪೂರ್ತಿ ಪ್ರಮಾಣದಲ್ಲಿ ನಡೆಯುತ್ತಿದೆ. ಸಲೈನ್ ಹಾಕಿದರು. ವಾಂತಿಯ ಸುದ್ದಿ ಕೇಳಿದೊಡನೆ ಬಿ1 ಜೀವಸತ್ವದ ಚುಚ್ಚುಮದ್ದು ಕೊಟ್ಟರು. ಈ ಶಸ್ತ್ರಚಿಕಿತ್ಸೆಯಾದವರಿಗೆ ವಾಂತಿ ಬಿಡದೆ ನಡೆದರೆ ಆ ಜೀವಸತ್ವ ಕೆಲವೇ ವಾರಗಳಲ್ಲಿ ಬರಿದಾಗಿ ನರಗಳಿಗೂ ಮೆದುಳಿಗೂ ಕೇಡಾಗಬಹುದಂತೆ. ಮರುದಿನ ಮನೆಗೆ ಬಂದು ತೂಗಿದರೆ, ಒಂದೇ ದಿನಕ್ಕೆ ಒಂದೂವರೆ ಕಿಲೋ ಏರಿತ್ತು. ಈ ಸಲ ಯಾರೂ ಬಾಯಿ ಬಿಡಲಿಲ್ಲ. ಆದರೆ ನಮ್ಮ ತಲೆಯಲ್ಲಿ ಏನೋ ಹೊಳೆಯಿತು.

ಮಿಲ್ಲಿನ ಮಾತು ಹೇಳುತ್ತೇವೆ, ಬೇಸರಿಸಬಾರದು. ಗೋಧಿಯನ್ನು ಒಣಗಿದ್ದಂತೆಯೇ ಬೀಸುವುದಿಲ್ಲ. ಬೀಸುವ ಮುಂಚೆ ಹದವಾಗಿ ನೀರು ಸೇರಿಸಿ ಕೆಲವು ಗಂಟೆ ಇಡುತ್ತಾರೆ. ಹೊಟ್ಟು ಸರಿಯಾಗಿ ಬಿಡಲಿ ಎಂದು. ನೂರು ಕಿಲೋದಲ್ಲಿ 12 ಕಿಲೋ ತೇವವಿರುವ ಗೋಧಿಯನ್ನು ಶೇಕಡಾ 16ರ ತೇವಕ್ಕೆ ತಂದರೆ, ಅದೇ ಗೋಧಿ ತಕ್ಕಡಿಯಲ್ಲಿ 105 ಕಿಲೋದ ಹತ್ತಿರ ತೂಗುತ್ತದೆ. ಒಂದು ಕಾಳೂ ಹೆಚ್ಚಾಗಿಲ್ಲ. ಆದ್ದರಿಂದ ತೇವ ಎಷ್ಟು ಎಂದು ಬರೆಯದೆ ತೂಕ ಮಾತ್ರ ಬರೆದ ಚೀಟಿಯನ್ನು ನಾವು ಮಿಲ್ಲಿನಲ್ಲಿ ಒಪ್ಪುವುದೇ ಇಲ್ಲ, ಹಿಂದಕ್ಕೆ ಕಳಿಸುತ್ತೇವೆ. ಮಿಲ್ಲಿನಲ್ಲಿ ಇಷ್ಟು ಕಟ್ಟುನಿಟ್ಟಾಗಿದ್ದ ನಾವು, ಮನೆಯಲ್ಲಿ ಅಕ್ಕನ ಮೈಯ ತೂಕವನ್ನು ತೇವದ ಕಾಲಮ್ಮಿಲ್ಲದೆ ನಾಲ್ಕು ವಾರ ಬರೆದಿದ್ದೆವು!

ಆಮೇಲೆ ಪಥ್ಯ ಹೇಳುವ ಡಯಟೀಶಿಯನ್ ಹೆಣ್ಣುಮಗಳು ತಮಿಳಿನಲ್ಲಿ ಬಿಡಿಸಿ ಹೇಳಿದ್ದನ್ನು ನಮ್ಮ ಲೆಕ್ಕದ ಭಾಷೆಯಲ್ಲಿ ಹೇಳುತ್ತೇವೆ. ನಮ್ಮ ಪಿತ್ತಜನಕಾಂಗದಲ್ಲೂ ಮಾಂಸಖಂಡಗಳಲ್ಲೂ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನಿದೆ, ಸುಮಾರು ಅರ್ಧ ಕಿಲೋ. ಅದು ಒಂಟಿಯಾಗಿರುವುದಿಲ್ಲ, ತನ್ನ ಮೂರರಷ್ಟು ನೀರನ್ನು ಹಿಡಿದುಕೊಂಡಿರುತ್ತದೆ. ಆಹಾರ ಒಮ್ಮೆಗೆ ನಿಂತಾಗ ದೇಹ ಮೊದಲು ಖರ್ಚು ಮಾಡುವುದು ಈ ದಾಸ್ತಾನನ್ನು. ಅದರೊಡನೆ ನೀರೂ ಹೊರಟುಹೋಗುತ್ತದೆ. ಆಸ್ಪತ್ರೆಯಲ್ಲಿ ಏರಿಸಿದ್ದ ಸಲೈನೂ ಹೋಗುತ್ತದೆ. ಮೊದಲ ಎರಡು ವಾರದ ಭಾರಿ ಇಳಿತದಲ್ಲಿ ಅರ್ಧದಷ್ಟಾದರೂ ಇಂಥ ನೀರೇ. ನಾವು ಹಬ್ಬ ಮಾಡಿದ್ದು ನೀರಿಗೆ! ಆಮೇಲೆ ದ್ರವದಿಂದ ಮೆತ್ತನೆಯ ಊಟಕ್ಕೆ ಬರುವ ಹೊತ್ತಿಗೆ, ಸಾಮಾನ್ಯವಾಗಿ ಮೂರನೆಯ ವಾರದ ಸುಮಾರಿಗೆ, ದೇಹವು ಆ ದಾಸ್ತಾನನ್ನೂ ನೀರನ್ನೂ ಸ್ವಲ್ಪ ಸ್ವಲ್ಪವಾಗಿ ಮರಳಿ ತುಂಬಿಕೊಳ್ಳುತ್ತದೆ. ಅತ್ತ ಕೊಬ್ಬು ಕರಗುತ್ತಿದೆ, ಇತ್ತ ನೀರು ಸೇರುತ್ತಿದೆ; ಮುಳ್ಳು ಅಲ್ಲಾಡುವುದಿಲ್ಲ.

ಕೊಬ್ಬಿನ ಲೆಕ್ಕ ನೋಡಿ. ಒಂದು ಕಿಲೋ ಮೈಕೊಬ್ಬು ಕರಗಬೇಕಾದರೆ ಸುಮಾರು 7,700 ಕ್ಯಾಲೊರಿ ಕೊರತೆ ಬೀಳಬೇಕು. ಅಕ್ಕನ ದೇಹ ದಿನಕ್ಕೆ 1,800 ಖರ್ಚು ಮಾಡಿ, ಒಳಗೆ ಹೋಗುವುದು 600 ಎಂದಿಟ್ಟುಕೊಳ್ಳೋಣ. ದಿನದ ಕೊರತೆ 1,200, ವಾರಕ್ಕೆ 8,400. ಅಂದರೆ ಎಷ್ಟು ಕಟ್ಟುನಿಟ್ಟಾಗಿದ್ದರೂ ವಾರಕ್ಕೆ ಒಂದು ಕಿಲೋಗಿಂತ ಸ್ವಲ್ಪ ಮಿಕ್ಕಿ ಕೊಬ್ಬು ಕರಗೀತು, ಅಷ್ಟೇ. ಒಂದೇ ರಾತ್ರಿಯ ಸಲೈನು ಒಂದೂವರೆ ಕಿಲೋ ಏರಿಸುವಾಗ, ಒಂದು ವಾರದ ದುಡಿಮೆಯನ್ನು ಆ ನೀರು ಮುಚ್ಚಿಹಾಕುವುದರಲ್ಲಿ ಆಶ್ಚರ್ಯವೇನು? ಮಲಬದ್ಧತೆ ಇದ್ದರೆ, ಹೆಣ್ಣುಮಕ್ಕಳಿಗೆ ತಿಂಗಳ ದಿನಗಳು ಬಂದರೆ, ಅದೂ ಸೇರುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1944-45ರಲ್ಲಿ, ಅದೇ ಮಿನ್ನೆಸೋಟದಲ್ಲಿ ಆನ್ಸೆಲ್ ಕೀಸ್ ಎಂಬ ವಿದ್ವಾಂಸರು 36 ಮಂದಿ ಸ್ವಯಂಸೇವಕ ತರುಣರನ್ನು ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟು ಪರೀಕ್ಷಿಸಿದ್ದರು. ಮೈ ಸೊರಗಿ ಎಲುಬು ಕಾಣುತ್ತಿದ್ದ ಆ ಹುಡುಗರಲ್ಲಿ ಎಷ್ಟೋ ಮಂದಿಯ ಕಾಲುಗಳು ನೀರು ನಿಂತು ಬಾತುಕೊಂಡಿದ್ದವು.

ಆ ಗೃಹಸ್ಥರ 14 ಕಿಲೋ ಇದೆಯಲ್ಲ, ಅದನ್ನೂ ಲೆಕ್ಕ ಹಾಕಿದೆವು. 150ರಲ್ಲಿ 14 ಎಂದರೆ ನೂರಕ್ಕೆ ಒಂಬತ್ತು ಚಿಲ್ಲರೆ. ಅಕ್ಕನ 112ರಲ್ಲಿ 8 ಎಂದರೆ ನೂರಕ್ಕೆ ಏಳು. ಭೂಮಿ ಆಕಾಶದ ಅಂತರವೇನಲ್ಲ. ಅವರು ಗಂಡಸರು, ಮಾಂಸಖಂಡ ಹೆಚ್ಚು, ಮೊದಲ ತೂಕ ಹೆಚ್ಚು. ಅಂಥವರಿಗೆ ಕಿಲೋಗಳು ಬೇಗ ಇಳಿಯುತ್ತವೆ. ಸಕ್ಕರೆ ಕಾಯಿಲೆಯುಳ್ಳವರಿಗೆ, ಅದರಲ್ಲೂ ಇನ್ಸುಲಿನ್ ತೆಗೆದುಕೊಂಡವರಿಗೆ, ಸ್ವಲ್ಪ ನಿಧಾನ. ಮತ್ತೆ, ಚಿಕಿತ್ಸೆಗೆ ಮುಂಚೆಯೇ ಪಥ್ಯ ಹಿಡಿದು ನಾಲ್ಕು ಕಿಲೋ ಇಳಿಸಿದವರನ್ನು ಅನಂತರದ ಲೆಕ್ಕದಲ್ಲಿ ಮಾತ್ರ ತೂಗಿದರೆ ಅದು ಮೋಸದ ತಕ್ಕಡಿ.

ಎಲ್ಲಕ್ಕಿಂತ ನಮಗೆ ನಾಚಿಕೆ ತಂದದ್ದು ಬೇರೆಯೇ ಇದೆ. ಡಯಟೀಶಿಯನ್ನರು ನಮ್ಮ ಪುಸ್ತಕವನ್ನು ತಿರುವಿಹಾಕಿ “ಸಕ್ಕರೆ ಎಲ್ಲಿ ಬರೆದಿದ್ದೀರಿ, ಸಾರ್?” ಎಂದು ಕೇಳಿದರು. ಬರೆದಿರಲಿಲ್ಲ. ಹತ್ತನೆಯ ದಿನಕ್ಕೇ ವೈದ್ಯರು ಅಕ್ಕನ ರಾತ್ರಿಯ ಇನ್ಸುಲಿನ್ನನ್ನು ನಿಲ್ಲಿಸಿದ್ದರು. ಬೆಳಗಿನ ಬರಿಹೊಟ್ಟೆಯ ಸಕ್ಕರೆ 210 ಇದ್ದದ್ದು 118ಕ್ಕೆ ಬಂದಿತ್ತು. ಈ ಚಿಕಿತ್ಸೆಯಾದವರಲ್ಲಿ ಅನೇಕರಿಗೆ ತೂಕ ಇಳಿಯುವ ಮುಂಚೆಯೇ ಸಕ್ಕರೆ ಇಳಿಯುತ್ತದೆ. ಎಂಟು ವರುಷ ಚುಚ್ಚಿಕೊಂಡ ಸೂಜಿ ನಿಂತುಹೋಗಿತ್ತು. ಅದು ನಮ್ಮ ಪುಸ್ತಕದಲ್ಲಿರಲಿಲ್ಲ. ಅಕ್ಕನೂ ಅದನ್ನು ಮರೆತೇಬಿಟ್ಟಿದ್ದರು.

ಆ ರಾತ್ರಿ ಹೊಸ ಗೆರೆ ಎಳೆದೆವು. ತೂಕ ವಾರಕ್ಕೆ ಒಂದೇ ಸಲ, ಶುಕ್ರವಾರ ಬೆಳಿಗ್ಗೆ, ಸ್ನಾನಕ್ಕೆ ಮುಂಚೆ, ಅದೇ ಯಂತ್ರ, ಅದೇ ನೆಲ. ಉಳಿದ ದಿನ ಯಂತ್ರ ನಮ್ಮ ಮಂಚದ ಕೆಳಗೆ. ಓದುವುದು ಅಕ್ಕ, ಬರೆಯುವುದೂ ಅಕ್ಕ. ಗಟ್ಟಿಯಾಗಿ ಓದುವ ಪದ್ಧತಿ ರದ್ದು. ದಿನದ ಕಾಲಮ್ಮುಗಳಲ್ಲಿ ಎಷ್ಟು ಲೋಟ ನೀರು, ಎಷ್ಟು ಗ್ರಾಂ ಪ್ರೋಟೀನು, ಎಷ್ಟು ನಿಮಿಷ ನಡಿಗೆ, ವೈದ್ಯರು ಹೇಳಿದ ದಿನ ಸಕ್ಕರೆ ಮತ್ತು ರಕ್ತದ ಒತ್ತಡ. ತಿಂಗಳಿಗೊಮ್ಮೆ ಸೊಂಟದ ಅಳತೆ, ದರ್ಜಿಯ ಟೇಪಿನಲ್ಲಿ. ತೂಕ ನಿಂತಿದ್ದ ಆ ತಿಂಗಳಲ್ಲೇ ಅಕ್ಕನ ರವಿಕೆ ಎರಡು ಹೊಲಿಗೆ ಒಳಕ್ಕೆ ಹೋಗಿತ್ತೆಂದು ಆಮೇಲೆ ತಿಳಿಯಿತು. ದರ್ಜಿಗೆ ಗೊತ್ತಿತ್ತು, ನಮಗೆ ಗೊತ್ತಿರಲಿಲ್ಲ!

ಪ್ರೋಟೀನಿನ ವಿಚಾರದಲ್ಲಿ ನಮ್ಮ ಮನೆಗಳಲ್ಲಿ ದೊಡ್ಡ ತಪ್ಪು ತಿಳಿವಳಿಕೆ ಇದೆ. ರೋಗಿಗೆ ಗಂಜಿ ಎಂಬುದು ನಮ್ಮ ಹಿರಿಯರ ಪದ್ಧತಿ. ಆದರೆ ದಿನಕ್ಕೆ 60 ಗ್ರಾಮಿಗೆ ಕಡಿಮೆಯಿಲ್ಲದೆ ಪ್ರೋಟೀನು ಬೇಕೆನ್ನುತ್ತಾರೆ, ಗಂಜಿಯ ತಿಳಿಯಲ್ಲಿ ಅದು ಇಲ್ಲವೆಂದೇ ಹೇಳಬೇಕು. ನೂರು ಗ್ರಾಂ ಮೊಸರಿನಲ್ಲಿ ಸುಮಾರು 3 ಗ್ರಾಂ, ಒಂದು ಮೊಟ್ಟೆಯಲ್ಲಿ 6 ಗ್ರಾಂ, ನೂರು ಗ್ರಾಂ ಪನೀರಿನಲ್ಲಿ 18 ಗ್ರಾಮಿನಷ್ಟು. ನಾಲ್ಕು ಚಮಚಕ್ಕೇ ತುಂಬುವ ಜಠರಕ್ಕೆ ಅನ್ನದಿಂದ ಆರಂಭಿಸಿದರೆ ಬೇಕಾದದ್ದಕ್ಕೆ ಜಾಗವೇ ಉಳಿಯದು. ಆದ್ದರಿಂದ ಮೆತ್ತನೆಯ ಊಟ ಆರಂಭವಾದ ಮೇಲೆ ಮೊದಲು ಮಸೆದ ಪನೀರು ಅಥವಾ ಗಟ್ಟಿ ಬೇಳೆ, ಆಮೇಲೆ ತರಕಾರಿ, ಜಾಗವಿದ್ದರೆ ಅನ್ನ. ಮೊದಲ ವಾರಗಳಲ್ಲಿ ಪುಡಿಯಿಲ್ಲದೆ ಈ ಲೆಕ್ಕ ತುಂಬುವುದು ಕಷ್ಟ. ಪ್ರೋಟೀನು ಸಾಲದಿದ್ದರೆ ದೇಹ ಕೊಬ್ಬಿನ ಬದಲು ಮಾಂಸಖಂಡವನ್ನು ಕರಗಿಸುತ್ತದೆ. ಅಂಥ ಇಳಿತ ಯಂತ್ರದಲ್ಲಿ ಚೆನ್ನಾಗಿ ಕಂಡೀತು, ಕಾಲಿನಲ್ಲಿ ಬಲವಿರದು. ನೀರು ದಿನಕ್ಕೆ ಒಂದೂವರೆ ಎರಡು ಲೀಟರು, ಗುಟುಕು ಗುಟುಕಾಗಿ, ಊಟದೊಂದಿಗೆ ಅಲ್ಲ, ಊಟವಾಗಿ ಅರ್ಧ ಗಂಟೆ ಬಿಟ್ಟು. ಜೀವಸತ್ವದ ಮಾತ್ರೆಗಳು ಜೀವನಪರ್ಯಂತ. ಸಕ್ಕರೆಯ, ಒತ್ತಡದ ಮಾತ್ರೆಗಳ ಪ್ರಮಾಣವನ್ನು ವೈದ್ಯರೇ ಬದಲಿಸಬೇಕು. ನಾವು ಕೈ ಹಾಕಕೂಡದು, ಹಳೆಯದನ್ನೇ ಕಣ್ಣುಮುಚ್ಚಿ ನುಂಗಲೂ ಕೂಡದು.

ಒಂದು ಎಚ್ಚರ. ತೂಕ ನಿಂತದ್ದಕ್ಕೆ ಹೆದರಬೇಕಿಲ್ಲ ಎಂದೆವು. ಆದರೆ ಜ್ವರ, ಹೊಟ್ಟೆ ಅಥವಾ ಎಡಹೆಗಲಿನ ವಿಪರೀತ ನೋವು, ವಿಶ್ರಾಂತಿಯಲ್ಲೂ ಓಡುವ ನಾಡಿ, ಉಸಿರಿಗೆ ಕಷ್ಟ, ಒಂದೇ ಕಾಲು ಬಾತುಕೊಳ್ಳುವುದು, ನೀರೂ ನಿಲ್ಲದ ವಾಂತಿ, ಇವುಗಳಲ್ಲಿ ಯಾವುದೊಂದು ಕಂಡರೂ ನಾಳೆ ನೋಡೋಣ ಎನ್ನದೆ ಆ ಹೊತ್ತಿಗೇ ಆಸ್ಪತ್ರೆಗೆ ಹೋಗತಕ್ಕದ್ದು. ಎರಡು ತಿಂಗಳು ಕಳೆದೂ ತೂಕ ಸ್ವಲ್ಪವೂ ಕದಲದಿದ್ದರೆ ಅದನ್ನೂ ವೈದ್ಯರಿಗೇ ತೋರಿಸಬೇಕು, ನೆಂಟರಿಗಲ್ಲ.

ಎಷ್ಟು ಕಾಲ ಕಾಯುವುದೆಂದು ಕೇಳುತ್ತೀರಿ. ಸ್ವೀಡನ್ ದೇಶದಲ್ಲಿ 1987ರಲ್ಲಿ ಆರಂಭಿಸಿ ಸಾವಿರಾರು ಜನರನ್ನು ವರ್ಷಾನುಗಟ್ಟಲೆ ಹಿಂಬಾಲಿಸಿ ನೋಡಿದ್ದಾರೆ. ಬೈಪಾಸ್ ಆದವರ ತೂಕ ಅತಿ ಕೆಳಗೆ ಮುಟ್ಟಿದ್ದು ಒಂದರಿಂದ ಎರಡು ವರುಷದ ನಡುವೆ, ಸುಮಾರು ಶೇಕಡಾ 32ರಷ್ಟು ಇಳಿದು. ಹತ್ತು ವರುಷದ ಮೇಲೆ ಶೇಕಡಾ 25ರಷ್ಟು ಉಳಿದಿತ್ತು. ಅವರು ವರುಷಗಳಲ್ಲಿ ಅಳೆದದ್ದನ್ನು ನಾವು ಬೆಳಗುಗಳಲ್ಲಿ ಅಳೆಯುತ್ತಿದ್ದೆವು.

ಈ ಊರಿನಲ್ಲಿ ನಮ್ಮವರಿಗೆ ಇನ್ನೊಂದು ತೊಡಕಿದೆ. ಕಡಂದಲೆಯಿಂದ ಬಂದ ಕೃಷ್ಣರಾಯರು 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ತೆರೆದವರು. ಕನ್ನಡದವರೆಂದರೆ ಮದರಾಸಿಗೆ ತಿಂಡಿ ಉಣಿಸಿದವರು. 1962ರಲ್ಲಿ ಆರಂಭವಾಗಿ 2008ರಲ್ಲಿ ಮುಚ್ಚಿದ ಡ್ರೈವ್-ಇನ್‌ಗೆ ಅಪ್ಪ ನಮ್ಮನ್ನೂ ಅಕ್ಕನನ್ನೂ ಕರೆದೊಯ್ಯುತ್ತಿದ್ದರು. ಪ್ರೀತಿ ಎಂದರೆ ನಮ್ಮಲ್ಲಿ ಬಡಿಸುವುದು. ಮದುವೆ ಮನೆಯಲ್ಲಿ ಅಕ್ಕ ಎರಡು ಚಮಚ ಉಂಡು ಎದ್ದರೆ ಬಡಿಸಿದವರಿಗೆ ನೋವು, ಎದ್ದ ಮೇಲೆ ತೂಕ ಕೇಳುವವರೂ ಅವರೇ. ಈಗ ನಾವು ಮೊದಲೇ ಹೋಗಿ “ಅರ್ಧ ಚಮಚ ಬಡಿಸಿ, ಮತ್ತೆ ಕೇಳಬೇಡಿ” ಎಂದು ಹೇಳಿ ಬರುತ್ತೇವೆ. ಆ ನೆಂಟರಿಗೂ, ತಡವಾಗಿಯಾದರೂ, ಹೇಳಬೇಕಾದದ್ದನ್ನು ಹೇಳಿದೆವು.

ಐದನೆಯ ವಾರದ ಶುಕ್ರವಾರ ಅಕ್ಕ 101ವರೆ ಎಂದು ತಾವೇ ಬರೆದುಕೊಂಡರು. ಆಮೇಲೂ ಎರಡು ಸಲ ನಿಂತಿತು, ನಡುವೆ ನಾಲ್ಕನೆಯ ತಿಂಗಳಲ್ಲಿ ತಲೆಗೂದಲು ಬಹಳ ಉದುರಿತು. ಅದು ಈ ಚಿಕಿತ್ಸೆಯಲ್ಲಿ ಸಾಮಾನ್ಯ, ಮತ್ತೆ ಬಂತು. ಆರು ತಿಂಗಳಿಗೆ 90, ವರುಷಕ್ಕೆ 82. ಮೊಣಕಾಲಿನ ನೋವು ಪೂರ್ತಿ ಹೋಗಿಲ್ಲ. ಬಸ್ ನಿಲ್ದಾಣಕ್ಕೆ ಈಗ ನಿಲ್ಲದೆ ಹೋಗುತ್ತಾರೆ, ನಾವೇ ಹಿಂದೆ ಬೀಳುತ್ತೇವೆ.

ಕೊನೆಗೊಂದು ಅರಿಕೆ. ಆಸ್ಪತ್ರೆಯಲ್ಲಿ ಕೊಟ್ಟ ಪಥ್ಯದ ಹಾಳೆ ತಮಿಳು ಮತ್ತು ಇಂಗ್ಲಿಷಿನಲ್ಲಿತ್ತು. ಅಡಿಗೆ ಮಾಡುವ ಅಮ್ಮನಿಗೆ ಕನ್ನಡ ಬಿಟ್ಟು ಬೇರೆ ಓದಲು ಬಾರದು. ನಿಮ್ಮ ಮನೆಯಲ್ಲೂ ಹಾಗಿದ್ದರೆ ನಿಮ್ಮ ವೈದ್ಯರು ಕೊಟ್ಟ ಹಾಳೆಯನ್ನು ಮಂಗಳವಾರ ಅಥವಾ ಶುಕ್ರವಾರ ಸಂಜೆ ಆರರ ಮೇಲೆ ಇಲ್ಲಿಗೆ ತನ್ನಿ. ಅದರಲ್ಲಿರುವುದನ್ನು ಇದ್ದ ಹಾಗೆ ದೊಡ್ಡ ಅಕ್ಷರದ ಕನ್ನಡದಲ್ಲಿ ಬರೆದುಕೊಡುತ್ತೇವೆ. ಹೊಸ ಗೆರೆ ಎಳೆದ ಪುಸ್ತಕದ ನಾಲ್ಕು ಪ್ರತಿಗಳು ಕಿಟಕಿಯ ಬಳಿಯ ಬೀರುವಿನಲ್ಲಿ, ಮಾಸಪತ್ರಿಕೆಗಳ ಕೆಳಗಿನ ಅರೆಯಲ್ಲಿವೆ; ಬೇಕಾದವರು ಹೆಸರು ಬರೆಯಿಸದೆ ತೆಗೆದುಕೊಂಡು ಹೋಗಬಹುದು.